ನಿಧಾನ ಯಾರ ಸೊತ್ತು?

ಕಳೆದ ಚಳಿಗಾಲದ ಒಂದು ಭಾನುವಾರ ಸಂಜೆ ದೆಹಲಿಯ ಕನ್ನಡ ಓದುಗರು ಹದಿನೈದಿಪ್ಪತ್ತು ಮಂದಿ ಒಂದೆಡೆ ಸೇರಿದ್ದೆವು. ಅಂದಿನ ಮಾತಿನ ವಿಷಯ ‘ವೇಗದ ಕಾಲದಲ್ಲಿ ಸಾಹಿತ್ಯ’. ಐದಕ್ಕೆ ಶುರುವಾಗಬೇಕಿದ್ದ ಸಭೆ ಶುರುವಾದದ್ದು ಆರೂಕಾಲಿಗೆ. ಮಾತನಾಡಬೇಕಿದ್ದ ಹಿರಿಯರ ಕಾರು ಆಶ್ರಮ ಚೌಕದ ಬಳಿ ಮುಕ್ಕಾಲು ಗಂಟೆ ಕದಲಿರಲಿಲ್ಲ. ಬಂದವರು ಬಹಳ ಚೆನ್ನಾಗಿಯೇ ಮಾತನಾಡಿದರು. ನಿಧಾನವೇ ಪ್ರಧಾನ ಎಂದರು. ಊರ ಜಗಲಿಯ ಮೇಲೆ ಕುಳಿತು ಎಲೆಯಡಿಕೆ ಮೆಲ್ಲುತ್ತ ಮಳೆ ನೋಡುತ್ತಿದ್ದ ಅಜ್ಜನನ್ನು ನೆನೆದರು. ನಾವೆಲ್ಲ ತಲೆದೂಗಿದೆವು, ಕೆಲವರ ಕಣ್ಣಂಚು ಒದ್ದೆಯೂ ಆಯಿತು. ಸಭೆ ಮುಗಿದು ಹೊರಬಂದರೆ ಕಿರಿದಾದ ಗಲ್ಲಿಯಲ್ಲಿ ಒಂದರ ಬೆನ್ನಿಗೊಂದು ನಿಲ್ಲಿಸಿದ ನಮ್ಮದೇ ಕಾರುಗಳು. ಹಿಂದಿನದು ಸರಿಯದೆ ಮುಂದಿನದು ಹೊರಡದು. ಜಗಲಿಯ ಅಜ್ಜನಿಗೆ ಕಣ್ಣೀರಿಟ್ಟ ನಾವೇ ಇಪ್ಪತ್ತು ನಿಮಿಷ ಹಾರ್ನ್ ಒತ್ತಿದೆವು. ತರಕಾರಿ ಗಾಡಿ ತಳ್ಳುತ್ತಿದ್ದ ಹುಡುಗನೊಬ್ಬ ಅಷ್ಟು ಹೊತ್ತೂ ಗೋಡೆಗೆ ಅಂಟಿಕೊಂಡು ನಿಂತಿದ್ದ. ಹಾರ್ನ್ ಒತ್ತಿದವರಲ್ಲಿ ನಾನೂ ಒಬ್ಬ.

ಈ ಲೇಖನದ ಜಗಳ ನಿಧಾನದ ಜೊತೆಗಲ್ಲ. ನಿಧಾನವನ್ನು ಮನೆಯ ಉಪ್ಪಿನಕಾಯಿಯಂತೆ ಖಾಸಗಿ ರುಚಿಯಾಗಿಸಿಕೊಂಡ ನಮ್ಮ ಜೊತೆಗೆ. ನಾವು, ಅಂದರೆ ಹೊರನಾಡಿನಲ್ಲಿ ನೆಲೆಯೂರಿ, ಒಂದು ಫ್ಲಾಟು, ಒಂದು ಕಾರು, ಒಂದು ಕಪಾಟು ಕನ್ನಡ ಪುಸ್ತಕ ಮಾಡಿಕೊಂಡ ಮಧ್ಯಮ ವರ್ಗದವರು, ನಿಧಾನವೆಂದರೆ ಒಂದು ಮನೋಭಾವ, ಒಂದು ವಾರಾಂತ್ಯ, ಒಂದು ಬೆಟ್ಟದೂರಿನ ತಂಗುಮನೆ ಎಂದು ತಿಳಿದಿದ್ದೇವೆ. ಆ ಬೆಟ್ಟದೂರಿಗೂ ಕಾರಿನಲ್ಲೇ ಹೋಗುತ್ತೇವೆ. ನಾನು ಹೇಳುವುದು ಇಷ್ಟು: ನಗರದಲ್ಲಿ ನಿಧಾನವೆಂಬುದು ಮನೋಭಾವವಲ್ಲ, ಪಾಲು. ರಸ್ತೆಯಂತೆ, ನೀರಿನಂತೆ, ಅದು ಎಲ್ಲರಿಗೂ ಸೇರಿದ ಸೊತ್ತು. ಒಬ್ಬನ ಅವಸರಕ್ಕೆ ಜಾಗ ಬಿಟ್ಟುಕೊಟ್ಟಾಗ ಮತ್ತೊಬ್ಬನ ಬಿಡುವು ಕಳುವಾಗುತ್ತದೆ. ಆ ಕಳವಿನಲ್ಲಿ ನಾನೂ ಕೈಯಾಡಿಸಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಕಾರು ಸಮಯ ಉಳಿಸುತ್ತದೆ ಎಂಬ ನಂಬಿಕೆಯನ್ನು ನೋಡೋಣ. ಎಂ.ಎ. ಓದುವಾಗ ಧಾರವಾಡದ ಗ್ರಂಥಾಲಯದಲ್ಲಿ ಪಠ್ಯಕ್ಕೆ ಸೇರದ ಒಂದು ತೆಳ್ಳನೆಯ ಪುಸ್ತಕ ಕೈಗೆ ಸಿಕ್ಕಿತ್ತು: ಇವಾನ್ ಇಲಿಚ್ 1970ರ ದಶಕದಲ್ಲಿ ಬರೆದ ‘ಎನರ್ಜಿ ಅಂಡ್ ಈಕ್ವಿಟಿ’. ಅದರಲ್ಲೊಂದು ಲೆಕ್ಕವಿದೆ. ಅಮೆರಿಕದ ಸಾಮಾನ್ಯ ಗಂಡಸು ಕಾರು ಓಡಿಸಲು, ನಿಲ್ಲಿಸಲು, ಅದರ ಕಂತು, ವಿಮೆ, ಪೆಟ್ರೋಲುಗಳಿಗೆ ದುಡಿಯಲು ಎಲ್ಲ ಸೇರಿ ವರ್ಷಕ್ಕೆ 1,600ಕ್ಕೂ ಹೆಚ್ಚು ಗಂಟೆ ವ್ಯಯಿಸುತ್ತಾನೆ, ಹೋಗುವುದು 7,500 ಮೈಲಿ. ಭಾಗಿಸಿದರೆ ಗಂಟೆಗೆ ಐದು ಮೈಲಿಯೂ ಆಗುವುದಿಲ್ಲ. ಆಗ ನಕ್ಕು ಪುಟ ತಿರುವಿದ್ದೆ. ನನ್ನ ಬಳಿ ಆಗ ಇದ್ದದ್ದು ಅಪ್ಪನ ಹಳೆಯ ಸೈಕಲ್ಲು.

ಈಚೆಗೆ ಅದೇ ಲೆಕ್ಕವನ್ನು ನನ್ನ ಮೇಲೆ ಪ್ರಯೋಗಿಸಿದೆ. ಮಯೂರ್ ವಿಹಾರದ ಮನೆಯಿಂದ ಕಚೇರಿಗೆ 12 ಕಿಲೋಮೀಟರ್, ದಿನಕ್ಕೆ ಹೋಗಿಬರಲು ನೂರು ನಿಮಿಷ. ವರ್ಷಕ್ಕೆ 240 ದಿನ ಹಿಡಿದರೆ 400 ಗಂಟೆ. ಮಿಕ್ಕ ಓಡಾಟ ಸೇರಿ ವರ್ಷಕ್ಕೆ 8,000 ಕಿಲೋಮೀಟರ್. ಆ ಮಿಕ್ಕದ್ದಕ್ಕೆ ಇನ್ನೊಂದು 112 ಗಂಟೆ. ನಿಲ್ಲಿಸುವ ಜಾಗ ಹುಡುಕುವುದು, ಪೆಟ್ರೋಲ್ ಬಂಕಿನ ಸಾಲು, ಸರ್ವೀಸು, ಹೊಗೆ ತಪಾಸಣೆಯ ಚೀಟಿ ಇವಕ್ಕೆ 60. ಇನ್ನು ಹಣ: ಕಾರಿನ ಬೆಲೆ ಮತ್ತು ಬಡ್ಡಿಯನ್ನು ಹತ್ತು ವರ್ಷಕ್ಕೆ ಹಂಚಿ, ಕೊನೆಗೆ ಮಾರಿದರೆ ಬರುವುದನ್ನು ಕಳೆದರೆ ವರ್ಷಕ್ಕೆ 80,000, ಪೆಟ್ರೋಲಿಗೆ 63,000, ವಿಮೆ, ರಿಪೇರಿ, ಪಾರ್ಕಿಂಗು, ದಂಡ ಸೇರಿ 40,000. ಒಟ್ಟು 1,83,000 ರೂಪಾಯಿ. ಕಡಿತಗಳೆಲ್ಲ ಹೋಗಿ ನನ್ನ ಒಂದು ಗಂಟೆಯ ದುಡಿಮೆಗೆ ಕೈಗೆ ಬರುವುದು ಸುಮಾರು 500 ರೂಪಾಯಿ. ಅಂದರೆ ಕಾರಿಗಾಗಿಯೇ 366 ಗಂಟೆ ಕಡತ ನೋಡುತ್ತೇನೆ. ಎಲ್ಲ ಕೂಡಿದರೆ 938 ಗಂಟೆ. ಎಂಟು ಸಾವಿರ ಕಿಲೋಮೀಟರನ್ನು ಅದರಿಂದ ಭಾಗಿಸಿದರೆ ನನ್ನ ಕಾರಿನ ನಿಜವಾದ ವೇಗ ಗಂಟೆಗೆ ಎಂಟೂವರೆ ಕಿಲೋಮೀಟರ್. ಅಪ್ಪನ ಸೈಕಲ್ಲು ಅದಕ್ಕಿಂತ ಜೋರಾಗಿ ಹೋಗುತ್ತಿತ್ತು.

ಈ ನಷ್ಟ ನನ್ನೊಬ್ಬನದಾಗಿದ್ದರೆ ಅದನ್ನು ಮೂರ್ಖತನವೆಂದು ಬದಿಗಿಡಬಹುದಿತ್ತು. ಆದರೆ ನನ್ನ ಎಂಟೂವರೆ ಕಿಲೋಮೀಟರಿಗಾಗಿ ಬೇರೆಯವರೂ ಬೆಲೆ ತೆತ್ತಿದ್ದಾರೆ.

ದೆಹಲಿಯಲ್ಲಿ 2008ರ ಏಪ್ರಿಲ್‌ನಲ್ಲಿ ಒಂದು ಪ್ರಯೋಗ ಆರಂಭವಾಯಿತು. ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗಿನ 5.8 ಕಿಲೋಮೀಟರ್ ರಸ್ತೆಯ ನಟ್ಟನಡುವೆ ಬಸ್ಸುಗಳಿಗೆಂದೇ ಪಥ, ಅದರ ಬದಿಗೆ ಉಳಿದ ವಾಹನಗಳಿಗೆ ಪಥ, ಅಂಚಿನಲ್ಲಿ ಸೈಕಲ್ಲಿಗೂ ನಡೆಯುವವರಿಗೂ ದಾರಿ. ಇದೇ ಬಿಆರ್‌ಟಿ. ಇದರ ಹಿಂದೆ ಐಐಟಿ ದೆಹಲಿಯ ಸಾರಿಗೆ ತಜ್ಞರಿದ್ದರು. ಅದಕ್ಕೂ ಎರಡು ವರ್ಷ ಮುಂಚೆ, 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ, ರಸ್ತೆ ಇರುವುದು ಜನರನ್ನು ಸಾಗಿಸಲಿಕ್ಕೆ, ವಾಹನಗಳನ್ನಲ್ಲ ಎಂಬ ತತ್ತ್ವವನ್ನು ಒಪ್ಪಿತ್ತು. ಆ ತತ್ತ್ವ ಕಾಗದ ಬಿಟ್ಟು ಡಾಂಬರಿನ ಮೇಲೆ ಇಳಿದ ಅಪರೂಪದ ಜಾಗಗಳಲ್ಲಿ ಇದೊಂದು.

ಆ ಕಾಲದಲ್ಲಿ ನಾನು ಆ ಮಾರ್ಗಕ್ಕೆ ಸಮೀಪದ ಸರ್ಕಾರಿ ವಸತಿಗೃಹವೊಂದರಲ್ಲಿದ್ದೆ. 2011ರಲ್ಲಿ ಮೊದಲ ಕಾರು ಕೊಂಡೆ. ಕೊಂಡ ಮರುದಿನದಿಂದಲೇ ನನ್ನ ಕಣ್ಣು ಬದಲಾಯಿತು. ಹಿಂದಿನ ವಾರದವರೆಗೆ ಬಸ್ಸಿನ ಕಿಟಕಿಯಿಂದ, ಸಾಲುಗಟ್ಟಿ ನಿಂತ ಕಾರುಗಳನ್ನು ನೋಡಿ ಖುಷಿಪಡುತ್ತಿದ್ದವನು, ಈಗ ಕಾರಿನೊಳಗೆ ಕುಳಿತು, ಪಕ್ಕದ ‘ಖಾಲಿ’ ಪಥವನ್ನು ನೋಡಿ ಹಲ್ಲು ಕಡಿಯತೊಡಗಿದೆ. ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಂದು ಬಸ್ಸು ಹಾದುಹೋಗಿ, ಮತ್ತೆ ಪಥ ಖಾಲಿ. ಎಷ್ಟು ಜಾಗ ವ್ಯರ್ಥ! ಹಾದುಹೋದ ಆ ಒಂದು ಬಸ್ಸಿನಲ್ಲಿ ಅರುವತ್ತು ಮಂದಿ ಇದ್ದರು. ಅಷ್ಟೇ ಮಂದಿಯನ್ನು ನನ್ನಂತೆ ಒಬ್ಬೊಬ್ಬರಾಗಿ ಕಾರಿನಲ್ಲಿ ಕೂರಿಸಿದರೆ ಸಾಲು ಕಾಲು ಕಿಲೋಮೀಟರಿಗೂ ಉದ್ದವಾಗುತ್ತದೆ. ಈ ಸರಳ ಸಂಗತಿ ಹೊಳೆಯದಷ್ಟು ಬೇಗ ನಾನು ಕಾರಿನವನಾಗಿದ್ದೆ. ಚೆನ್ನಾಗಿ ಕೆಲಸ ಮಾಡುವ ಬಸ್ ಪಥ ಯಾವಾಗಲೂ ಖಾಲಿ ಕಾಣುತ್ತದೆ. ತುಂಬಿ ತುಳುಕುವುದು ಕೆಟ್ಟುನಿಂತ ಪಥ.

ದೋಷಗಳಿರಲಿಲ್ಲವೆಂದಲ್ಲ. ಬಸ್ಸುಗಳು ನಡುದಾರಿಯಲ್ಲಿ ಕೆಟ್ಟು ನಿಲ್ಲುತ್ತಿದ್ದವು. ನಿಲ್ದಾಣ ರಸ್ತೆಯ ಮಧ್ಯದಲ್ಲಿದ್ದುದರಿಂದ ಜೀವ ಕೈಯಲ್ಲಿ ಹಿಡಿದು ದಾಟಬೇಕಿತ್ತು. ಕೂಡುರಸ್ತೆಯ ಸಿಗ್ನಲ್ಲುಗಳು ಎಂದಿಗೂ ಸರಿಹೋಗಲಿಲ್ಲ. ಆದರೆ ಮೇಲ್ಸೇತುವೆಯೊಂದು ಜಾಮಿನಿಂದ ತುಂಬಿಹೋದರೆ ನಾವು ಅದನ್ನು ಕೆಡವಿರೆನ್ನುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಕಟ್ಟಿರೆನ್ನುತ್ತೇವೆ. ತಿದ್ದುವ ತಾಳ್ಮೆ ನಮಗೆ ಕಾರಿನ ರಸ್ತೆಯ ಬಗ್ಗೆ ಮಾತ್ರ ಇದೆ. 2012ರಲ್ಲಿ ವ್ಯಾಜ್ಯ ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಸಂಪತ್ತನ್ನು ಸೃಷ್ಟಿಸುವವರು ಕಾರಿನಲ್ಲಿ ಓಡಾಡುವವರು, ಅವರ ಸಮಯಕ್ಕೆ ಬೆಲೆ ಹೆಚ್ಚು ಎಂಬ ವಾದವೂ ಆ ದಿನಗಳಲ್ಲಿ ಕೇಳಿಬಂತು. ನ್ಯಾಯಾಲಯ ಆ ವರ್ಷದ ಅಕ್ಟೋಬರ್‌ನಲ್ಲಿ ಅರ್ಜಿಯನ್ನು ತಳ್ಳಿಹಾಕಿತು. ಆದರೆ ನ್ಯಾಯಾಲಯದಲ್ಲಿ ಗೆದ್ದ ಪಥ ನೆರೆಹೊರೆಯ ಅಭಿಪ್ರಾಯದಲ್ಲಿ ಸೋತಿತು. ನಮ್ಮ ವಸತಿಯಲ್ಲಿ ಪಥವನ್ನು ತೆಗೆಯಿರೆಂಬ ಮನವಿಯೊಂದು ಮನೆಮನೆಗೆ ಬಂತು. ಬಾಗಿಲಲ್ಲಿ ನಿಂತೇ, ಓದದೆಯೇ ಸಹಿ ಮಾಡಿದೆ. ದಿನವಿಡೀ ಟಿಪ್ಪಣಿಗಳನ್ನು ಓದದೆ ಸಹಿ ಮಾಡಬಾರದೆಂದು ಕಿರಿಯರಿಗೆ ಹೇಳುವವನು ನಾನು. 2015ರಲ್ಲಿ ಪಥವನ್ನು ತೆಗೆಯುವ ನಿರ್ಧಾರವಾಯಿತು; 2016ರ ಆರಂಭದಲ್ಲಿ ಯಂತ್ರಗಳು ಬಂದು ಒಡೆದವು.

ನಮ್ಮ ಶಾಖೆಯಲ್ಲಿ ಕಡತಗಳನ್ನು ಕೋಣೆಯಿಂದ ಕೋಣೆಗೆ ಒಯ್ಯುವ ನೌಕರರೊಬ್ಬರಿದ್ದರು. ನನಗಿಂತ ಹತ್ತು ವರ್ಷ ಹಿರಿಯರು. ಸಂಗಮ್ ವಿಹಾರದಲ್ಲಿ ಮನೆ. ಅಂಬೇಡ್ಕರ್ ನಗರದವರೆಗೆ ನಡೆದು ಅಲ್ಲಿಂದ ಬಸ್ಸು ಹಿಡಿಯುತ್ತಿದ್ದರು. ಬೆಳಿಗ್ಗೆ ಏಳೂ ಮುಕ್ಕಾಲಿಗೆ ಹೊರಟರೆ ಒಂಬತ್ತಕ್ಕೆ ಐದು ನಿಮಿಷವಿರುವಾಗ ಹಾಜರಿ ಯಂತ್ರದ ಮೇಲೆ ಬೆರಳಿಡುತ್ತಿದ್ದರು. ಅವರನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳಬಹುದೆಂದು ನಾವು ತಮಾಷೆ ಮಾಡುತ್ತಿದ್ದೆವು. 2016ರ ಬೇಸಿಗೆಯಿಂದ ಅವರು ತಡವಾಗಿ ಬರತೊಡಗಿದರು. ತಿಂಗಳಿಗೆ ಎರಡು ಬಾರಿ, ಒಂದು ಗಂಟೆಯೊಳಗಿನ ತಡವನ್ನು ಮನ್ನಿಸಬಹುದು. ಅದು ಮೀರಿದರೆ ಪ್ರತಿ ತಡಕ್ಕೂ ಅರ್ಧ ದಿನದ ಸಾಂದರ್ಭಿಕ ರಜೆಯನ್ನು ಕಳೆಯಬೇಕು. ನಿಯಮ ಸ್ಪಷ್ಟವಾಗಿದೆ. ಕಳೆಯಬೇಕಾದವನು ನಾನು. ಒಂದು ದಿನ ಕರೆದು ಕೇಳಿದೆ. ತಲೆ ತಗ್ಗಿಸಿ ಅವರು ಹೇಳಿದ್ದಿಷ್ಟು: “ಸಾಬ್, ನಾನು ಮೊದಲಿನ ಹೊತ್ತಿಗೇ ಹೊರಡುತ್ತೇನೆ. ಬಸ್ಸು ಮಾತ್ರ ಮೊದಲಿನ ಹೊತ್ತಿಗೆ ತಲುಪುವುದಿಲ್ಲ.”

ಆ ವರ್ಷ ಅವರ ಎಂಟು ದಿನಗಳ ಸಾಂದರ್ಭಿಕ ರಜೆಯಲ್ಲಿ ಐದು ದಿನ ಹೀಗೆ ಹೋಯಿತು. ಐದು ದಿನವೆಂದರೆ ಮಗಳ ಶಾಲೆಯ ಸಭೆ, ಹೆಂಡತಿಯ ಆಸ್ಪತ್ರೆ, ಊರಿನ ಒಂದು ಮದುವೆ. ಆಮೇಲೆ ಅವರು ಏಳಕ್ಕೇ ಮನೆ ಬಿಡತೊಡಗಿದರು, ತಡವಾಗುವುದು ನಿಂತಿತು. ನಿಯಮ ಗೆದ್ದಿತು, ಶಿಸ್ತು ಮರಳಿತು. ಅವರ ದಿನದ ಮುಕ್ಕಾಲು ಗಂಟೆ ಮಾತ್ರ ಎಲ್ಲಿಗೋ ಹೋಯಿತು. ಎಲ್ಲಿಗೆ ಹೋಯಿತೆಂದು ನನಗೆ ಗೊತ್ತು. ಬಾಗಿಲಲ್ಲಿ ನಿಂತು ನಾನು ಮಾಡಿದ ಸಹಿಯ ಕೆಳಗೆ ಅದು ಇದೆ. ಅವರ ರಜೆಯನ್ನು ಕಳೆದದ್ದೂ ಅದೇ ಸಹಿ.

ಈಗ ಹೇಳಿ, ಆ ಮನುಷ್ಯನ ಮುಂದೆ ನಿಂತು ನಿಧಾನವೇ ಪ್ರಧಾನ ಎಂದು ಉಪದೇಶಿಸುವ ಧೈರ್ಯ ಯಾರಿಗಿದೆ? ಬೆಳಗಿನ ಚಹಾವನ್ನು ಕುಳಿತು ಕುಡಿಯುವ ಅವರ ನಿಧಾನವನ್ನು ನಾವು ಕಿತ್ತುಕೊಂಡೆವು, ಬದಲಿಗೆ ನಮಗೂ ವೇಗ ಸಿಗಲಿಲ್ಲ. ಪಥ ಹೋದ ಮೇಲೆ ಅದೇ ರಸ್ತೆಯಲ್ಲಿ ನಾನು ಕೆಲವು ತಿಂಗಳು ಸುಲಭವಾಗಿ ಹೋದೆ. ಬಳಿಕ ಖಾಲಿಯಾದ ಜಾಗಕ್ಕೆ ಇನ್ನಷ್ಟು ಕಾರು ಬಂದವು. ಹರಿವಾಣ ದೊಡ್ಡದಾದಷ್ಟೂ ನೆಂಟರು ಹೆಚ್ಚುತ್ತಾರೆ.

ನನ್ನ ವೃತ್ತಿಯ ಕಾರಣಕ್ಕೆ ಒಂದು ಎಚ್ಚರಿಕೆ. 1964ರ ನಡತೆ ನಿಯಮಗಳಿಗೆ ಒಳಪಟ್ಟವನು ಸರ್ಕಾರದ ನೀತಿಯನ್ನು ಟೀಕಿಸುವಂತಿಲ್ಲ. ನಾನು ಟೀಕಿಸುತ್ತಿಲ್ಲ, ಎಲ್ಲರಿಗೂ ತೆರೆದಿರುವ ಆದೇಶದ ಅಂಕಿಗಳನ್ನು ಓದುತ್ತಿದ್ದೇನೆ ಅಷ್ಟೆ. 2017ರ ಜುಲೈನಿಂದ ಜಾರಿಗೆ ಬಂದ ಸಾರಿಗೆ ಭತ್ಯೆಯಂತೆ ದೆಹಲಿಯಂಥ ದೊಡ್ಡ ನಗರದಲ್ಲಿ ಕೆಳಗಿನ ಎರಡು ಹಂತಗಳಿಗೆ ಹೊಸದಾಗಿ ಸೇರಿದವನಿಗೆ ತಿಂಗಳಿಗೆ 1,350 ರೂಪಾಯಿ. ನಡುವಿನ ಹಂತಗಳವರಿಗೆ 3,600. ಒಂಬತ್ತನೆಯ ಹಂತ ಮತ್ತು ಅದರ ಮೇಲಿನವರಿಗೆ 7,200. ಕಚೇರಿಯ ಕಾರಿಗೆ ಅರ್ಹರಾಗಿದ್ದು ಅದರ ಬದಲು ಹಣ ಆಯ್ದುಕೊಂಡ ಹಿರಿಯ ಅಧಿಕಾರಿಗೆ 15,750. ಇವುಗಳ ಮೇಲೆ ತುಟ್ಟಿಭತ್ಯೆ. ಅದೇ ಆದೇಶಗಳ ಕಾಲದಲ್ಲಿ ಅಂಚೆಯಣ್ಣನ ಸೈಕಲ್ ಭತ್ಯೆ ಇಮ್ಮಡಿಯಾಯಿತು: ತಿಂಗಳಿಗೆ 90ರಿಂದ 180 ರೂಪಾಯಿ. ನನ್ನ ಭತ್ಯೆಯನ್ನು ನಾನು ಹಿಂದಿರುಗಿಸಿಲ್ಲ, ಹಾಗಾಗಿ ಯಾರ ಮೇಲೂ ಬೆರಳು ತೋರುತ್ತಿಲ್ಲ. ದೂರದಿಂದ ಬರುವವನ ಕೈಗೆ ಕಡಿಮೆ, ಹತ್ತಿರದ ಬಂಗಲೆಯಿಂದ ಬರುವವನ ಕೈಗೆ ಹೆಚ್ಚು ಬೀಳುವ ಈ ಲೆಕ್ಕ ನಮಗೆ ಸಹಜವಾಗಿ ಕಾಣುವಷ್ಟು ನಮ್ಮೆಲ್ಲರ ತಲೆಯೊಳಗೆ ಕಾರು ನಿಂತುಬಿಟ್ಟಿದೆ ಎಂಬುದಷ್ಟೇ ನನ್ನ ಮಾತು.

ಆಕ್ಷೇಪಣೆಗಳು ನನಗೆ ಗೊತ್ತು. ಮೆಟ್ರೋ ಇದೆಯಲ್ಲ ಎನ್ನುತ್ತಾರೆ. ಇದೆ, 2002ರಿಂದ ಈ ನಗರದ ಹೆಮ್ಮೆಯಾಗಿದೆ, ನಾನೀಗ ವಾರಕ್ಕೆ ನಾಲ್ಕು ದಿನ ಅದರಲ್ಲೇ ಹೋಗುತ್ತೇನೆ. ಆದರೆ ಮೆಟ್ರೋ ಕಾರಿನವನಿಂದ ಏನನ್ನೂ ಬೇಡಲಿಲ್ಲ. ಭೂಮಿಯ ಕೆಳಗೆ ಹೋಯಿತು, ಕಂಬದ ಮೇಲೆ ಹತ್ತಿತು, ರಸ್ತೆಯನ್ನು ಅವನಿಗೇ ಬಿಟ್ಟುಕೊಟ್ಟಿತು. ಆದ್ದರಿಂದಲೇ ಎಲ್ಲರಿಗೂ ಪ್ರಿಯವಾಯಿತು. ಬಸ್ಸಾದರೋ ಅದೇ ರಸ್ತೆಯಲ್ಲಿ ಪಾಲು ಕೇಳುತ್ತದೆ. ಸರ್ವೋಚ್ಚ ನ್ಯಾಯಾಲಯ 1998ರಲ್ಲೇ, 2001ರ ಏಪ್ರಿಲ್ ಹೊತ್ತಿಗೆ ದೆಹಲಿಯಲ್ಲಿ ಹತ್ತು ಸಾವಿರ ಬಸ್ಸುಗಳಿರಬೇಕೆಂದು ನಿರ್ದೇಶಿಸಿತ್ತು. ಕಾಲು ಶತಮಾನ ಕಳೆದರೂ ಆ ಸಂಖ್ಯೆ ಮುಟ್ಟಲಾಗಿಲ್ಲ. ಮೇಲ್ಸೇತುವೆಗಳಿಗೆ ಮಾತ್ರ ಯಾವ ನ್ಯಾಯಾಲಯದ ಆದೇಶವೂ ಬೇಕಾಗಲಿಲ್ಲ.

ವಿದ್ಯುತ್ ಕಾರು ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಹೊಗೆ ಕಡಿಮೆಯಾದೀತು, ನವೆಂಬರ್ ತಿಂಗಳ ದೆಹಲಿಯಲ್ಲಿ ಉಸಿರಾಡುವವನು ಅದನ್ನು ಹಗುರವಾಗಿ ಕಾಣಲಾರ. ಆದರೆ ವಿದ್ಯುತ್ ಕಾರೂ ಅಷ್ಟೇ ಉದ್ದ, ಅಷ್ಟೇ ಅಗಲ. ಜಾಮು ಜಾಮೇ.

ಹೆಣ್ಣುಮಕ್ಕಳ ಸುರಕ್ಷತೆ, ವಯಸ್ಸಾದವರ ಮಂಡಿನೋವು, ಮೇ ತಿಂಗಳ ನಲವತ್ತೈದು ಡಿಗ್ರಿ ಎನ್ನುತ್ತಾರೆ. ಇದೇ ನಿಜವಾದ ಆಕ್ಷೇಪಣೆ. ನನ್ನ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲೆಂದೇ ನಾನಿನ್ನೂ ಕಾರು ಮಾರಿಲ್ಲ. ಆದರೆ 2012ರ ಡಿಸೆಂಬರ್ 16ರ ರಾತ್ರಿಯನ್ನು ನೆನೆಯಿರಿ. ಆಟೋ ಸಿಗದೆ ಮುನೀರ್ಕಾದ ನಿಲ್ದಾಣದಲ್ಲಿ ನಿಂತಿದ್ದ ಆ ಇಬ್ಬರು ಹತ್ತಿದ್ದು ಬಂದುನಿಂತ ಖಾಸಗಿ ಬಸ್ಸನ್ನು. ನಂಬಬಹುದಾದ ಬಸ್ಸು ಹತ್ತು ನಿಮಿಷಕ್ಕೊಂದು ಬರುವ ನಗರದಲ್ಲಿ ಯಾರೂ ಬಂದದ್ದನ್ನು ಹತ್ತಬೇಕಾಗಿಲ್ಲ. ಪ್ರತಿ ಮಗಳಿಗೂ ಒಂದು ಕಾರು ಎಂಬುದು ಸುರಕ್ಷತೆಯ ಉತ್ತರವಲ್ಲ. ಕಾರಿಲ್ಲದ ಮಗಳನ್ನು ಕೈಬಿಡುವ ಉತ್ತರ.

ಇದು ದೆಹಲಿಯೊಂದರ ಕಥೆಯೆಂದು ಮುಂಬಯಿಯ ಗೆಳೆಯರು ನಿಟ್ಟುಸಿರು ಬಿಡಬೇಕಾಗಿಲ್ಲ. ನಿಮ್ಮ ಬಾಂದ್ರಾ–ವರ್ಲಿ ಸಮುದ್ರ ಸೇತುವೆ 2009ರಲ್ಲಿ, ಅಟಲ್ ಸೇತು ಮತ್ತು ಕರಾವಳಿ ರಸ್ತೆಯ ಮೊದಲ ಭಾಗ 2024ರಲ್ಲಿ ತೆರೆದವು. ಮೂರರ ಮೇಲೂ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ. ಸಮುದ್ರದ ಗಾಳಿಗೂ ನಾಲ್ಕು ಚಕ್ರದ ಅರ್ಹತೆ ಬೇಕು. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಬಳಿ, ಲೋಕಲ್ ರೈಲಿನ ಬಾಗಿಲಿಗೆ ಜೋತುಬಿದ್ದು ಕೆಲಸಕ್ಕೆ ಹೊರಟವರು ಹಳಿಗೆ ಬಿದ್ದು ಸತ್ತರು. ಅವರು ಅವಸರದ ಸ್ವಭಾವದವರಾಗಿ ಜೋತುಬಿದ್ದಿರಲಿಲ್ಲ. ಮುಂದಿನ ಗಾಡಿಯಲ್ಲೂ ಜಾಗವಿರುವುದಿಲ್ಲವೆಂದು ಗೊತ್ತಿದ್ದವರು ಅವರು.

ಕೊನೆಗೆ ನಮ್ಮೂರು. ಹುಬ್ಬಳ್ಳಿ–ಧಾರವಾಡದ ನಡುವೆ 2018ರಲ್ಲಿ ‘ಚಿಗರಿ’ ಬಸ್ಸುಗಳು ತಮ್ಮದೇ ಪಥದಲ್ಲಿ ಓಡತೊಡಗಿದವು. ರಜೆಗೆ ಹೋದಾಗ ಹತ್ತಿದ್ದೇನೆ. ಪಕ್ಕದಲ್ಲಿ ಕಾಲೇಜು ಹುಡುಗಿಯರು, ಸಂತೆ ಮುಗಿಸಿದ ಅಜ್ಜಿ, ವಕೀಲರೊಬ್ಬರು. ಕಿಟಕಿಯಾಚೆ ನಿಂತಲ್ಲೇ ನಿಂತ ಕಾರುಗಳು. ದೆಹಲಿಯಲ್ಲಿ ನಾವು ಒಡೆದದ್ದು ಊರಲ್ಲಿ ಮತ್ತೆ ಹುಟ್ಟಿದೆಯೆಂದು ನೆಮ್ಮದಿಯೆನಿಸಿತ್ತು. ಈಗ ಅಲ್ಲಿಯೂ ಅದೇ ಮಾತು ಕೇಳುತ್ತಿದೆ: ಪಥ ಖಾಲಿ ಇರುತ್ತದೆ, ಎಲ್ಲ ವಾಹನಗಳಿಗೂ ಬಿಡಿ, ಇಲ್ಲವೇ ತೆಗೆದುಹಾಕಿ. ಕಳೆದ ಸಲ ನನ್ನ ಸೋದರಮಾವ ಕಾರು ಓಡಿಸುತ್ತ ಇದನ್ನೇ ಹೇಳಿದರು. “ಮಾವಾ, ಆ ಬಸ್ಸಿನಾಗ ಎಷ್ಟ್ ಮಂದಿ ಅದಾರ ಎಣಿಸು” ಎಂದೆ. ಮಾವ ಎಣಿಸಲಿಲ್ಲ. ನಾನೂ ಹದಿನೈದು ವರ್ಷಗಳ ಹಿಂದೆ ಎಣಿಸಿರಲಿಲ್ಲ. ಆ ಬಸ್ ವ್ಯವಸ್ಥೆಯಲ್ಲೂ ತಪ್ಪುಗಳಿವೆ, ತಿದ್ದಲಿ. ಆದರೆ ತೆಗೆಯಿರೆಂಬ ಮನವಿ ನಿಮ್ಮ ಬಾಗಿಲಿಗೆ ಬಂದರೆ, ನಿಮ್ಮ ತಮ್ಮನ, ಭಾವನ ಬಾಗಿಲಿಗೆ ಬಂದರೆ, ದಯವಿಟ್ಟು ಓದದೆ ಸಹಿ ಮಾಡಬೇಡಿ.

ಹಳಗನ್ನಡದಲ್ಲಿ, ವಚನಗಳಲ್ಲಿ ‘ನಿಧಾನ’ವೆಂದರೆ ನೆಲದೊಳಗೆ ಹುದುಗಿದ ನಿಧಿ. ನಮಗೆ ಈಗ ಉಳಿದಿರುವುದು ‘ಮೆಲ್ಲಗೆ’ ಎಂಬ ಅರ್ಥವಷ್ಟೇ. ನಿಧಿಯಾದರೆ ಅದಕ್ಕೆ ವಾರಸುದಾರರಿರುತ್ತಾರೆ, ಪಾಲಿನ ಪ್ರಶ್ನೆ ಇರುತ್ತದೆ, ಕದ್ದವನ ಮೇಲೆ ದೂರೂ ಇರುತ್ತದೆ. ಸಾಹಿತ್ಯ ಸಭೆಗಳಲ್ಲಿ ನಿಧಾನವನ್ನು ಹೊಗಳುವುದನ್ನು ಸ್ವಲ್ಪ ಕಾಲ ನಿಲ್ಲಿಸೋಣ. ಬದಲಿಗೆ ನಮ್ಮ ನಮ್ಮ ನಗರಗಳಲ್ಲಿ ಬಸ್ಸಿಗೊಂದು ಪಥ, ನಡೆಯುವವನಿಗೊಂದು ಅಗಲವಾದ ದಾರಿ ಕೇಳೋಣ, ನಮ್ಮ ಕಾರಿಗೆ ಅದರಿಂದ ಅಡಚಣೆಯಾಗುತ್ತದೆ ಎಂದು ಗೊತ್ತಿದ್ದೂ ಕೇಳೋಣ. ಮುಂದಿನ ಸಭೆಗೆ ಬಸ್ಸಿನಲ್ಲೋ ಮೆಟ್ರೋದಲ್ಲೋ ಬರೋಣ. ತಡವಾದರೆ ಆಗಲಿ, ನಮ್ಮ ಅರ್ಧ ದಿನದ ರಜೆಯನ್ನು ಯಾರೂ ಕಳೆಯುವುದಿಲ್ಲ.

ಅವರು ಈಗ ನಿವೃತ್ತರಾಗಿದ್ದಾರೆ. ಬೀಳ್ಕೊಡುಗೆಯ ದಿನ ಹೂಹಾರ ಹಾಕಿ, ಅವರ ಸಮಯಪಾಲನೆಯನ್ನು ಹೊಗಳಿ ಎರಡು ಮಾತನಾಡಿದವನೂ ನಾನೇ. ಕಳೆದ ಐದು ದಿನಗಳನ್ನು ಮರಳಿ ಕೊಡುವ ನಿಯಮವನ್ನು ಮಾತ್ರ ಯಾವ ಕೈಪಿಡಿಯಲ್ಲೂ ನಾನು ಕಂಡಿಲ್ಲ.